ಭಾನುವಾರ ರಾತ್ರಿ ಟಿವಿ ಮುಂದೆ ಕೂತವರು

ದಪ್ಪಗಿನ ಒಬ್ಬ ಗಂಡಸು ಫೋನ್ ಹಿಡಿದುಕೊಂಡು ಮಾತಾಡುತ್ತಿದ್ದಾನೆ. ಆ ಕಡೆಯವರು ಹೇಳುವುದು ನಮಗೆ ಕೇಳಿಸುವುದಿಲ್ಲ. ತಿಂಗಳ ಹಿಂದೆ ಸಿನಿಮಾ ನೋಡಲು ಹೋದಾಗ ಪರಿಚಯವಾಗಿದ್ದ ಹುಡುಗಿ ಅವಳು. ಹೆಸರು ಹೇಳುತ್ತಾನೆ, ಅವಳಿಗೆ ನೆನಪಾಗುವುದಿಲ್ಲ. ಅವತ್ತು ಯಾರ್ಯಾರು ಜೊತೆಗಿದ್ದರು ಅಂತ ಹೇಳುತ್ತಾನೆ. ಕೊನೆಗೆ, ಸ್ವಲ್ಪ ದಪ್ಪಗಿದ್ದನಲ್ಲ, ಅವನೇ ನಾನು ಅನ್ನುತ್ತಾನೆ. ಈ ಶನಿವಾರ ಬಿಡುವಿದೆಯಾ ಅಂತ ಕೇಳುತ್ತಾನೆ. ಇಲ್ಲವಂತೆ. ಹಾಗಾದರೆ ಮುಂದಿನ ಶನಿವಾರ? ಕ್ಯಾಮೆರಾ ಮೆಲ್ಲಗೆ ಅವನ ಮುಖದ ಹತ್ತಿರ ಬರುತ್ತದೆ. ಹೌದಾ, ಸರಿ ಸರಿ, ಗೊತ್ತಾಯ್ತು ಅನ್ನುತ್ತಾ ಅವನು ಕಣ್ಣು ಮುಚ್ಚಿಕೊಳ್ಳುತ್ತಾನೆ.

ಈ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಚಿತ್ರ ಮಸುಕು ಮಸುಕಾಗಿದೆ, ಶಬ್ದವೂ ಅಷ್ಟಕ್ಕಷ್ಟೆ. ಆದರೂ ಆ ಕಣ್ಣು ಮುಚ್ಚುವ ಗಳಿಗೆ ಬಂದಾಗ ಪ್ರತಿ ಸಲ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಗುತ್ತದೆ.

ಇದು 'ಮಾರ್ಟಿ'. 1953ರ ಮೇ 24, ಭಾನುವಾರ ರಾತ್ರಿ ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ ನೇರವಾಗಿ ಪ್ರಸಾರವಾದ ಒಂದು ಗಂಟೆಯ ನಾಟಕ. ಟೈರ್ ಮಾಡುವ ಗುಡ್‌ಇಯರ್ ಕಂಪನಿ ಪ್ರಾಯೋಜಿಸುತ್ತಿದ್ದ ನಾಟಕಗಳಲ್ಲಿ ಅದೂ ಒಂದು. ಬರೆದದ್ದು ಪ್ಯಾಡಿ ಚಯೆಫ್‌ಸ್ಕಿ, ನಿರ್ದೇಶಿಸಿದ್ದು ಡೆಲ್ಬರ್ಟ್ ಮ್ಯಾನ್. ಮಾರ್ಟಿಯಾಗಿ ರಾಡ್ ಸ್ಟೈಗರ್, ಅವನಿಗೆ ಸಿಗುವ ಹುಡುಗಿ ಕ್ಲಾರಾ ಆಗಿ ನ್ಯಾನ್ಸಿ ಮಾರ್ಶಂಡ್. ಆಗ ಇಬ್ಬರೂ ದೊಡ್ಡ ಹೆಸರುಗಳಲ್ಲ. ಮಾರನೆಯ ವಾರ ಇನ್ನೊಂದು ನಾಟಕ, ಅದರ ಮಾರನೆಯ ವಾರ ಮತ್ತೊಂದು. ಒಂದು ಸಲ ಪ್ರಸಾರವಾದರೆ ಮುಗಿಯಿತು, ಮರೆತುಹೋಗಬೇಕಿತ್ತು. ಮರೆಯಲಿಲ್ಲ. ಎರಡೇ ವರ್ಷದಲ್ಲಿ ಸಿನಿಮಾ ಆಯಿತು. ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿಯನ್ನೂ ಆಸ್ಕರ್ ಅನ್ನೂ ಗೆದ್ದುಕೊಂಡಿತು.

ಕಥೆ ಕೇಳಿದರೆ, ಇಷ್ಟೇನಾ ಅನ್ನಿಸುತ್ತದೆ. ಮಾರ್ಟಿಗೆ 36 ವರ್ಷ. ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ ಮಾಂಸದಂಗಡಿಯಲ್ಲಿ ಕೆಲಸ. ಇಟಲಿಯಿಂದ ಬಂದವರ ಮನೆತನ. ತಮ್ಮ ತಂಗಿಯರಿಗೆಲ್ಲ ಮದುವೆಯಾಗಿದೆ, ಇವನಿಗೆ ಆಗಿಲ್ಲ. ಅಂಗಡಿಗೆ ಬರುವ ಹೆಂಗಸರೆಲ್ಲ ಅದನ್ನೇ ಕೇಳುತ್ತಾರೆ. ಮಾಂಸ ತೂಗಿಸಿಕೊಳ್ಳುತ್ತಲೇ, ತಮ್ಮನ ಮದುವೆಯೂ ಆಯ್ತಲ್ಲ, ನಿಂಗೆ ನಾಚಿಕೆ ಆಗಲ್ವಾ, ಯಾವಾಗ ನಿಂದು ಅನ್ನುತ್ತಾರೆ. ಇವನು ನಗುತ್ತಾ ಪೊಟ್ಟಣ ಕಟ್ಟಿಕೊಡುತ್ತಾನೆ. ಶನಿವಾರ ರಾತ್ರಿ ಅಮ್ಮನ ಕಾಟ ತಾಳಲಾರದೆ ಡ್ಯಾನ್ಸ್ ಹಾಲ್‌ಗೆ ಹೋಗುತ್ತಾನೆ. ಅಲ್ಲಿ ಕ್ಲಾರಾ ಅನ್ನುವ ಟೀಚರ್ ಸಿಗುತ್ತಾಳೆ. ಅವಳಿಗೆ 29. ಅವಳನ್ನೂ ಯಾರೂ ತಿರುಗಿ ನೋಡುವುದಿಲ್ಲ. ಇಬ್ಬರೂ ರಾತ್ರಿಯೆಲ್ಲ ಮಾತಾಡುತ್ತಾರೆ. ಮಾರನೆಯ ದಿನ ಅಮ್ಮನಿಗೆ ಆ ಹುಡುಗಿ ಹಿಡಿಸುವುದಿಲ್ಲ, ಗೆಳೆಯರು ಅವಳ ರೂಪ ಆಡಿಕೊಳ್ಳುತ್ತಾರೆ. ಮಾರ್ಟಿ ಅವಳಿಗೆ ಫೋನ್ ಮಾಡುತ್ತಾನಾ ಇಲ್ಲವಾ? ಅಷ್ಟೇ ಕಥೆ.

ಇದು ಹುಟ್ಟಿದ್ದು ಒಂದು ಬೋರ್ಡಿನಿಂದ. ಚಯೆಫ್‌ಸ್ಕಿಯ ಬೇರೊಂದು ಟಿವಿ ನಾಟಕದ ರಿಹರ್ಸಲ್ ನ್ಯೂಯಾರ್ಕಿನ ಒಂದು ಹೋಟೆಲಿನ ಡ್ಯಾನ್ಸ್ ಹಾಲ್‌ನಲ್ಲಿ ನಡೆಯುತ್ತಿತ್ತು. ಒಂಟಿಯಾಗಿರುವವರು ಬಂದು ಜೊತೆ ಹುಡುಕಿಕೊಳ್ಳುವ ಜಾಗ ಅದು. ಹಗಲು ಹೊತ್ತು ಖಾಲಿ. ಅಲ್ಲಿ ಸುಮ್ನೆ ಅಡ್ಡಾಡುವಾಗ ಗೋಡೆಯ ಮೇಲಿನ ಬರಹ ಕಣ್ಣಿಗೆ ಬಿತ್ತು. ಹುಡುಗಿಯರೇ, ಯಾರು ಕೇಳುತ್ತಾರೋ ಅವರ ಜೊತೆ ಕುಣಿಯಿರಿ, ಗಂಡಸರಿಗೂ ಮನಸ್ಸು ಅಂತ ಒಂದಿದೆ ಅನ್ನುವುದು ನೆನಪಿರಲಿ ಅಂತ ಅದರಲ್ಲಿ ಬರೆದಿತ್ತು. ಮೊದಲು ಅವರಿಗೆ ಹೊಳೆದದ್ದು ಅಂಥ ಹಾಲ್‌ಗೆ ಬರುವ ಹುಡುಗಿಯ ಕಥೆ. ಆಮೇಲೆ ಅದನ್ನು ಗಂಡಸಿನ ಕಥೆಯಾಗಿ ತಿರುಗಿಸಿದರು.

ಆ ತಿರುವೇ ದೊಡ್ಡದು ಅಂತ ನನಗೆ ಅನ್ನಿಸುತ್ತದೆ. ಯಾರೂ ಕುಣಿಯಲು ಕರೆಯದೆ ಮೂಲೆಯಲ್ಲಿ ಕೂತ ಹುಡುಗಿಯ ಕಥೆ ಆಗಲೇ ಬೇಕಾದಷ್ಟಿತ್ತು. ಕೇಳಿ ಕೇಳಿ ಬೇಡ ಅನ್ನಿಸಿಕೊಂಡ ಗಂಡಸು ರಾತ್ರಿ ಮನೆಗೆ ಹೋಗಿ ಏನು ಮಾಡುತ್ತಾನೆ ಅನ್ನುವುದನ್ನು ಯಾರು ತೋರಿಸಿದ್ದರು? ಅದೂ ಯುದ್ಧ ಮುಗಿಸಿ ಬಂದ ಗಂಡಸರು ತುಂಬಿದ್ದ ಅಮೆರಿಕದಲ್ಲಿ. ಚಯೆಫ್‌ಸ್ಕಿ ಕೂಡ ಹಾಗೆ ಬಂದವರೇ. ಹುಟ್ಟಿದ್ದು 1923ರಲ್ಲಿ, ಬ್ರಾಂಕ್ಸ್‌ನಲ್ಲೇ, ಯಹೂದಿ ಮನೆಯಲ್ಲಿ. ಜರ್ಮನಿಯಲ್ಲಿ ನೆಲಬಾಂಬ್ ಸಿಡಿದು ಗಾಯಗೊಂಡಿದ್ದರು. ನಿರ್ದೇಶಕ ಮ್ಯಾನ್ ಯುದ್ಧದಲ್ಲಿ ಬಾಂಬರ್ ವಿಮಾನ ಓಡಿಸಿದ್ದವರು. ಅಂಥವರು ಸೇರಿ ಮಾಡಿದ ನಾಟಕದಲ್ಲಿ ಅತಿ ಅಪಾಯದ ಕೆಲಸ ಅಂದರೆ ಹುಡುಗಿಗೆ ಫೋನ್ ಮಾಡುವುದು!

ಬರೆದದ್ದು ತರಾತುರಿಯಲ್ಲಿ. ಆ ವಾರಕ್ಕೆ ಬೇರೆ ನಾಟಕ ಕೈಕೊಟ್ಟಿತ್ತು. ನಿರ್ಮಾಪಕ ಫ್ರೆಡ್ ಕೋ ಅವರಿಗೆ ತುರ್ತಾಗಿ ಒಂದು ಬೇಕಿತ್ತು. ಕೊನೆಯ ಅಂಕ ಇನ್ನೂ ಕೈಗೆ ಬರುವ ಮೊದಲೇ ರಿಹರ್ಸಲ್ ಶುರುವಾಗಿತ್ತು. ಮೊದಲು ಇಟ್ಟಿದ್ದ ಹೆಸರು 'ಲವ್ ಸ್ಟೋರಿ'. ಚಾನೆಲ್‌ನವರಿಗೆ ಅದು ಹಿಡಿಸಲಿಲ್ಲ. ಹಾಗಾಗಿ ಹೀರೋ ಹೆಸರನ್ನೇ ಇಟ್ಟರು. ಒಳ್ಳೆಯದೇ ಆಯಿತು. ಪ್ರೇಮಕಥೆ ಅಂದಿದ್ದರೆ ನೋಡುವವರು ಬೇರೆ ಏನನ್ನೋ ಕಾಯುತ್ತಾ ಕೂರುತ್ತಿದ್ದರು.

ಈಗಿನವರಿಗೆ ನೇರ ಪ್ರಸಾರದ ನಾಟಕ ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. ಎಡಿಟಿಂಗ್ ಇಲ್ಲ. ಇನ್ನೊಂದು ಟೇಕ್ ಇಲ್ಲ. ಒಂದೇ ಸ್ಟುಡಿಯೋದೊಳಗೆ ಅಂಗಡಿ, ಅಡುಗೆಮನೆ, ಬಾರ್, ಡ್ಯಾನ್ಸ್ ಹಾಲ್ ಎಲ್ಲದರ ಸೆಟ್ ಪಕ್ಕ ಪಕ್ಕದಲ್ಲಿ. ಒಂದು ದೃಶ್ಯ ಮುಗಿದ ಕೂಡಲೇ ನಟರು ಕೇಬಲ್‌ಗಳನ್ನು ದಾಟಿಕೊಂಡು ಮುಂದಿನ ಸೆಟ್‌ಗೆ ಓಡಬೇಕು. ಭಾರಿ ಕ್ಯಾಮೆರಾಗಳು ಗಾಲಿಗಳ ಮೇಲೆ ಅವರ ಹಿಂದೆ. ಮಾತು ಮರೆತರೆ ಇಡೀ ದೇಶ ನೋಡುತ್ತದೆ. ಇವತ್ತು ನಮಗೆ ಸಿಗುವುದು ಕಿನೆಸ್ಕೋಪ್ ಪ್ರತಿ. ಅಂದರೆ ಟಿವಿ ಪರದೆಯ ಮುಂದೆ ಫಿಲ್ಮ್ ಕ್ಯಾಮೆರಾ ಇಟ್ಟು ಹಿಡಿದದ್ದು. ಚಿತ್ರ ಮಸುಕಾಗಿರುವುದು ಅದಕ್ಕೇ.

ಇಷ್ಟೆಲ್ಲ ಕಟ್ಟುಪಾಡಿನೊಳಗೆ ಕುದುರೆ ಓಡಿಸುವುದು, ಹಡಗು ಮುಳುಗಿಸುವುದು ಆಗದ ಮಾತು. ಉಳಿಯುವುದು ಮುಖ. ಆಗಿನ ಟಿವಿ ಪರದೆಯೂ ಚಿಕ್ಕದು. ದೂರದಿಂದ ತೆಗೆದ ಚಿತ್ರದಲ್ಲಿ ಏನೂ ಕಾಣುತ್ತಿರಲಿಲ್ಲ. ಆದರೆ ಒಂದು ಮುಖ ಪರದೆ ತುಂಬಾ ಬಂದರೆ, ಮನೆಯ ಹಜಾರದಲ್ಲಿ ಎದುರಿಗೆ ಕೂತ ನೆಂಟನ ಮುಖದಷ್ಟೇ ಆಗುತ್ತಿತ್ತು. ಅದೇ ವರ್ಷ ಹಾಲಿವುಡ್‌ನವರು ಟಿವಿಯಿಂದ ಜನರನ್ನು ಕಸಿದುಕೊಳ್ಳಲು ತ್ರೀಡಿ, ಸಿನೆಮಾಸ್ಕೋಪ್ ಅಂತ ಪರದೆ ಹಿಗ್ಗಿಸುತ್ತಿದ್ದರು. ಮಾರ್ಟಿಯ ದುಃಖಕ್ಕೆ ಅಷ್ಟು ಜಾಗ ಬೇಕಿರಲಿಲ್ಲ.

ಮಾತಿನ ವಿಷಯಕ್ಕೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಮಾರ್ಟಿ ಮತ್ತು ಅವನ ಗೆಳೆಯ ಆಂಜಿ ಬಾರಿನಲ್ಲಿ ಕೂತಿರುತ್ತಾರೆ. ಶನಿವಾರ ಸಂಜೆ. ಅವರ ಮಾತನ್ನು ಕನ್ನಡದಲ್ಲಿ ಹೇಳಿದರೆ ಹೆಚ್ಚು ಕಡಿಮೆ ಹೀಗಿರುತ್ತದೆ:

"ಏನೋ ಮಾಡೋಣ ಇವತ್ತು?"

"ಗೊತ್ತಿಲ್ಲ ಕಣೋ. ನಿಂಗೇನು ಮಾಡ್ಬೇಕು ಅನ್ಸುತ್ತೆ?"

"ಗೊತ್ತಿಲ್ಲಪ್ಪ. ನಿಂಗೆ?"

ಇಷ್ಟೇ. ಮತ್ತೆ ಮತ್ತೆ. ನಾಟಕದ ಕಥೆ ಇದರಿಂದ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಆದರೆ ಇಬ್ಬರು ಒಂಟಿ ಗಂಡಸರ ಹತ್ತು ವರ್ಷದ ಶನಿವಾರಗಳೆಲ್ಲ ಈ ಮೂರು ಸಾಲಿನಲ್ಲಿ ಇವೆ. ಮುಂದೆ ಅಮೆರಿಕದಲ್ಲಿ ಈ ಮಾತು ಜನರ ಬಾಯಲ್ಲಿ ಓಡಾಡಿತು. ಫೋನ್ ಕದ್ದು ಕೇಳಿಸಿಕೊಂಡ ಹಾಗೆ ಸಂಭಾಷಣೆ ಬರೆಯಲು ನೋಡಿದೆ ಅಂತ ಚಯೆಫ್‌ಸ್ಕಿ ಆಮೇಲೆ ಹೇಳಿಕೊಂಡರು. ಕೇಳಿದರೆ ಹಾಗೇ ಇದೆ. ಆದರೆ ಯಾರೋ ಆಡಿದ್ದನ್ನು ಹಾಗೇ ಬರೆದುಕೊಂಡರೆ ಇಷ್ಟು ಲಯ ಬರುವುದಿಲ್ಲ, ನೀವೇ ಪ್ರಯತ್ನಿಸಿ ನೋಡಿ. ಯಾವ ಮಾತು ಎಷ್ಟು ಸಲ ತಿರುಗಿ ಬರಬೇಕು, ಎಲ್ಲಿ ಸುಮ್ಮನಾಗಬೇಕು ಅನ್ನುವುದನ್ನು ಆ ಮನುಷ್ಯ ಎಣಿಸಿ ಎಣಿಸಿ ಇಟ್ಟಿದ್ದಾರೆ.

ಊಟದ ದೃಶ್ಯವನ್ನೇ ನೋಡಿ. ಡ್ಯಾನ್ಸ್ ಹಾಲ್‌ನಲ್ಲಿ 'ಟೊಮೇಟೊ' ತುಂಬಿವೆ ಅಂತ ಯಾರೋ ಅಮ್ಮನಿಗೆ ಹೇಳಿದ್ದಾರೆ. ಆಗಿನ ಹುಡುಗರು ಚೆಂದದ ಹುಡುಗಿಯರಿಗೆ ಹಾಗೆ ಅನ್ನುತ್ತಿದ್ದರು. ಅಮ್ಮ ಆ ಮಾತನ್ನು ಅಷ್ಟೇ ಗಂಭೀರವಾಗಿ ಮಗನಿಗೆ ಒಪ್ಪಿಸುತ್ತಾಳೆ. ನೀಲಿ ಸೂಟ್ ಹಾಕಿಕೊಂಡು ಹೋಗು ಅನ್ನುತ್ತಾಳೆ. ನಮಗೆ ನಗು ಬರುತ್ತದೆ. ಆ ನಗು ಇನ್ನೂ ಮುಗಿದಿರುವುದಿಲ್ಲ, ಮಾರ್ಟಿ ಒಡೆದು ಹೋಗುತ್ತಾನೆ. ಅಮ್ಮಾ, ನೀಲಿ ಸೂಟ್ ಹಾಕಿದರೂ ಬೂದು ಸೂಟ್ ಹಾಕಿದರೂ ನಾನು ಕುರೂಪಿ ಡುಮ್ಮನೇ, ಇನ್ನು ನನ್ನ ಕೈಲಿ ಆಗಲ್ಲ ಅನ್ನುವ ಅರ್ಥದಲ್ಲಿ ಕೂಗುತ್ತಾನೆ. ಅಮ್ಮ ನೀನು ಕುರೂಪಿಯಲ್ಲ ಅನ್ನುತ್ತಾಳೆ. ಬೇರೆ ಏನು ಹೇಳಲು ಸಾಧ್ಯ ಅವಳಿಗೆ? ಅಡುಗೆಮನೆ, ತಟ್ಟೆ, ಎದುರು ಬದುರು ಇಬ್ಬರು. ಇಂಥ ಜಗಳ ನಡೆಯದ ಮನೆ ಯಾವುದಿದೆ ಹೇಳಿ.

ಡ್ಯಾನ್ಸ್ ಹಾಲ್‌ನಲ್ಲಿ ಒಬ್ಬ ಬಂದು ಮಾರ್ಟಿಗೆ ಐದು ಡಾಲರ್ ಕೊಡಲು ಬರುತ್ತಾನೆ. ತಾನು ಕರೆತಂದ ಹುಡುಗಿ ಚೆನ್ನಾಗಿಲ್ಲ, ಅವಳನ್ನು ನೀನು ಮನೆಗೆ ಕರೆದುಕೊಂಡು ಹೋಗು, ನನಗೆ ಬೇರೆ ಯಾರೋ ಸಿಕ್ಕಿದ್ದಾಳೆ ಅನ್ನುತ್ತಾನೆ. ಮಾರ್ಟಿಗೆ ನಂಬುವುದಕ್ಕೇ ಆಗುವುದಿಲ್ಲ. ಒಂದು ಹುಡುಗಿಗೆ ಹೀಗೆಲ್ಲ ಮಾಡುತ್ತಾರಾ? ಆ ಐದು ಡಾಲರ್ ಅವನು ಮುಟ್ಟುವುದಿಲ್ಲ. ದೂರದಿಂದ ನೋಡುತ್ತಾ ನಿಲ್ಲುತ್ತಾನೆ. ಕರೆತಂದವನು ಇನ್ನೊಬ್ಬನನ್ನು ಹಿಡಿದು ತಂದದ್ದು ಆ ಹುಡುಗಿಗೆ, ಅಂದರೆ ಕ್ಲಾರಾಗೆ, ಗೊತ್ತಾಗುತ್ತದೆ. ಅವಳು ಬೇಡ ಅಂದು ಹೊರಗೆ ಹೋಗುತ್ತಾಳೆ. ಇವನು ಹಿಂದೆ ಹೋಗಿ, ನನ್ನ ಜೊತೆ ಕುಣಿಯುತ್ತೀರಾ ಅಂತ ಕೇಳುತ್ತಾನೆ. ಅವಳು ತಿರುಗಿ ಅವನ ಎದೆಗೆ ಮುಖ ಇಟ್ಟು ಅತ್ತುಬಿಡುತ್ತಾಳೆ. ಗುರುತು ಪರಿಚಯ ಇಲ್ಲದ ಹೆಣ್ಣು ಎದೆ ಮೇಲೆ ಅಳುತ್ತಿದ್ದರೆ ಕೈ ಎಲ್ಲಿಡಬೇಕು ಅಂತ ತಿಳಿಯದೆ ಮಾರ್ಟಿ ನಿಂತಿರುತ್ತಾನೆ. ಪ್ರೇಮ ಶುರುವಾಗುವ ಗಳಿಗೆಯನ್ನು ಇದಕ್ಕಿಂತ ಸರಿಯಾಗಿ ತೋರಿಸಿದ್ದನ್ನು ನಾನು ನೋಡಿಲ್ಲ.

ಕ್ಲಾರಾ ಪಾತ್ರ ಮಾಡಿದ ನ್ಯಾನ್ಸಿ ಮಾರ್ಶಂಡ್ ಮುಂದೆ ಎಷ್ಟೋ ವರ್ಷದ ನಂತರ 'ದಿ ಸೊಪ್ರಾನೋಸ್' ಧಾರಾವಾಹಿಯಲ್ಲಿ ಮಗನನ್ನೇ ನುಂಗಿ ನೀರು ಕುಡಿಯುವಂಥ ತಾಯಿಯಾಗಿ ಬಂದರು. ಅದನ್ನು ನೋಡಿದವರು ಇದನ್ನೂ ನೋಡಬೇಕು. ಅದೇ ಕಣ್ಣುಗಳು.

ಈ ನಾಟಕದ ಬಗ್ಗೆ ಬರೆಯುವವರು ಮಾರ್ಟಿ, ಕ್ಲಾರಾ ಅಂತ ಅಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಕ್ಯಾಥರೀನ್ ಬಗ್ಗೆ ಮಾತಾಡಬೇಕು. ಆಕೆ ಮಾರ್ಟಿಯ ಅಮ್ಮನ ಅಕ್ಕತಂಗಿಯರಲ್ಲಿ ಒಬ್ಬಳು. ಗಂಡ ಇಲ್ಲ. ಮಗ, ಸೊಸೆ, ಮೊಮ್ಮಗುವಿನ ಜೊತೆ ಇದ್ದಾಳೆ. ಸೊಸೆಗೆ ಇವಳ ಜೊತೆ ಏಗಿ ಸಾಕಾಗಿದೆ. ಹಾಗಾಗಿ ಇವಳನ್ನು ಮಾರ್ಟಿಯ ಮನೆಗೆ ಕಳಿಸುವುದು ಅಂತ ಆಗಿದೆ. ನನಗಿನ್ನೂ 56 ವರ್ಷ, ಕೈಯಲ್ಲಿ ಇನ್ನೂ ಶಕ್ತಿ ಇದೆ, ಅಡುಗೆ ಮಾಡಬೇಕು, ಮನೆ ಒರೆಸಬೇಕು, ಈಗ ನಾನು ಏನು ಮಾಡಲಿ ಅಂತ ಆಕೆ ಮಾರ್ಟಿಯ ಅಮ್ಮನ ಹತ್ತಿರ ಹೇಳಿಕೊಳ್ಳುತ್ತಾಳೆ. ಕನ್ನಡಿ ನೋಡಲು ಹೆದರಿಕೆಯಾಗುತ್ತದೆ ಅನ್ನುತ್ತಾಳೆ. ಆಮೇಲೆ ಒಂದು ಮಾತು ಬಿತ್ತುತ್ತಾಳೆ: ನಿನ್ನ ಮಗನೂ ಮದುವೆಯಾಗುತ್ತಾನೆ, ಆಗ ನಿನ್ನ ಗತಿಯೂ ಇದೇ.

ಅಲ್ಲಿಯವರೆಗೆ ಮದುವೆಯಾಗೋ ಮದುವೆಯಾಗೋ ಅಂತ ಮಗನ ಪ್ರಾಣ ತಿನ್ನುತ್ತಿದ್ದ ಅಮ್ಮ, ಹುಡುಗಿ ನಿಜವಾಗಿ ಮನೆಗೆ ಬಂದ ಕೂಡಲೇ ಬದಲಾಗುತ್ತಾಳೆ. ಏನೇನೋ ಕೊಂಕು ತೆಗೆಯುತ್ತಾಳೆ. ನೋಡುವ ನಮಗೆ ಸಿಟ್ಟು ಬರಬೇಕು, ಬರುವುದಿಲ್ಲ. ಆ ಹೆದರಿಕೆ ಎಲ್ಲಿಂದ ಬಂತು ಅಂತ ನಾವು ಆಗಲೇ ನೋಡಿದ್ದೇವೆ. ಗೆಳೆಯ ಆಂಜಿಯದ್ದೂ ಅದೇ ಕಥೆ. ಮಾರ್ಟಿ ಹೋದರೆ ಶನಿವಾರ ರಾತ್ರಿ ಅವನ ಜೊತೆ ಕೂರುವವರು ಯಾರು? ಈ ನಾಟಕದಲ್ಲಿ ಒಬ್ಬ ಒಂಟಿಗೆ ಜೊತೆ ಸಿಕ್ಕರೆ ಇನ್ನಿಬ್ಬರು ಒಂಟಿಯಾಗುತ್ತಾರೆ. ಪುಟ್ಟ ಪ್ರೇಮಕಥೆ ಅಂತ ಕರೆಸಿಕೊಂಡದ್ದರಲ್ಲಿ ಇಷ್ಟು ದೊಡ್ಡ ಲೆಕ್ಕ ಕೂತಿದೆ. ಅವತ್ತು ಅದನ್ನು ನೋಡಿದವರಲ್ಲಿ ತಾಯಂದಿರೂ ಇದ್ದರು, ಸೊಸೆಯರೂ ಇದ್ದರು. ಒಬ್ಬೊಬ್ಬರಿಗೂ ತಾಗುವ ಮಾತು ಅದರಲ್ಲಿತ್ತು. ಇದು ಗೆದ್ದದ್ದು ಹೇಗೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಕ್ಯಾಥರೀನ್‌ಳನ್ನೇ.

ಸಿನಿಮಾ ಆದ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಹೆರಾಲ್ಡ್ ಹೆಕ್ಟ್ ಮತ್ತು ನಟ ಬರ್ಟ್ ಲ್ಯಾಂಕಾಸ್ಟರ್ ಅವರ ಕಂಪನಿ ಅದನ್ನು ಕೈಗೆತ್ತಿಕೊಂಡಿತು. ಮನೆಯಲ್ಲಿ ಬಿಟ್ಟಿ ನೋಡಿದ್ದನ್ನು ಜನ ದುಡ್ಡು ಕೊಟ್ಟು ಯಾಕೆ ನೋಡುತ್ತಾರೆ ಅನ್ನುವ ಪ್ರಶ್ನೆ ಇದ್ದೇ ಇತ್ತು. ಸುಮಾರು 3.5 ಲಕ್ಷ ಡಾಲರ್‌ನಲ್ಲಿ ಮುಗಿಸಿದರು. ಹಾಲಿವುಡ್ ಲೆಕ್ಕದಲ್ಲಿ ಚಿಲ್ಲರೆ. ಕಪ್ಪು ಬಿಳುಪು, ಒಂದೂವರೆ ಗಂಟೆ. ಬರಹಗಾರ ಚಯೆಫ್‌ಸ್ಕಿಯೇ, ನಿರ್ದೇಶಕ ಮ್ಯಾನ್ ಅವರೇ. ಅಮ್ಮ, ಕ್ಯಾಥರೀನ್, ಆಂಜಿ ಪಾತ್ರಗಳಿಗೂ ಟಿವಿಯಲ್ಲಿ ಮಾಡಿದವರೇ. ಸ್ಟೈಗರ್ ಮಾತ್ರ ಬರಲಿಲ್ಲ. ಆ ಕಂಪನಿಗೆ ಹಲವು ಚಿತ್ರಗಳ ಕರಾರು ಬರೆದುಕೊಡಲು ಅವರು ಒಪ್ಪಲಿಲ್ಲ. ಮಾರ್ಟಿ ಆದವರು ಎರ್ನೆಸ್ಟ್ ಬೋರ್ಗ್‌ನೈನ್. ಅಲ್ಲಿಯವರೆಗೆ ಜನ ಅವರನ್ನು ನೋಡಿದ್ದು ಕೇಡಿಯಾಗಿ. ಅಂಥ ಮುಖದಿಂದ ಇಷ್ಟು ಮೆತ್ತನೆ ಮನುಷ್ಯ ಹೊರಬಂದ.

ಕ್ಲಾರಾ ಪಾತ್ರಕ್ಕೆ ಬೆಟ್ಸಿ ಬ್ಲೇರ್. ಎಡಪಂಥೀಯರು ಅಂತ ಅನುಮಾನ ಬಂದವರಿಗೆ ಹಾಲಿವುಡ್‌ನಲ್ಲಿ ಕೆಲಸ ಕೊಡದ ಕಾಲ ಅದು. ಅವರ ಹೆಸರೂ ಆ ಕಪ್ಪುಪಟ್ಟಿಗೆ ಸಿಕ್ಕಿಕೊಂಡಿತ್ತು. ಆಗ ಅವರ ಗಂಡನಾಗಿದ್ದ ನಟ ಜೀನ್ ಕೆಲ್ಲಿ, ಇವಳಿಗೆ ಈ ಪಾತ್ರ ಸಿಗದಿದ್ದರೆ ನನ್ನ ಚಿತ್ರದ ಕೆಲಸ ನಿಲ್ಲಿಸುತ್ತೇನೆ ಅಂತ ತಮ್ಮ ಸ್ಟುಡಿಯೋಗೆ ಹೇಳಿದ ಮೇಲೆ ದಾರಿಯಾಯಿತು. ಬೇಡವಾದವಳ ಪಾತ್ರಕ್ಕೆ, ಚಿತ್ರರಂಗಕ್ಕೇ ಬೇಡವಾಗಿದ್ದ ನಟಿ. ಅವರ ಅಭಿನಯದಲ್ಲಿ ಆ ನೋವು ಕಾಣುತ್ತದೆ ಅಂತ ನನಗೆ ಅನ್ನಿಸುತ್ತದೆ.

1955ರಲ್ಲಿ ಕಾನ್‌ನಲ್ಲಿ 'ಪಾಮ್ ದೋರ್' ಅನ್ನುವ ಹೆಸರಿನ ಪ್ರಶಸ್ತಿ ಮೊದಲ ಸಲ ಕೊಟ್ಟರು, ಅದು ಮಾರ್ಟಿಗೆ ಹೋಯಿತು. 1956ರ ಮಾರ್ಚ್‌ನಲ್ಲಿ ನಾಲ್ಕು ಆಸ್ಕರ್: ಚಿತ್ರ, ನಿರ್ದೇಶನ, ನಟ, ಚಿತ್ರಕಥೆ. ನಿರ್ದೇಶಕರಿಗೆ ಅದು ಮೊದಲ ಸಿನಿಮಾ. ಮುಂದೆ ಪಾಮ್ ದೋರ್ ಮತ್ತು ಅತ್ಯುತ್ತಮ ಚಿತ್ರದ ಆಸ್ಕರ್ ಎರಡೂ ಒಂದೇ ಚಿತ್ರಕ್ಕೆ ಸಿಕ್ಕಿದ್ದು 2019ರ 'ಪ್ಯಾರಾಸೈಟ್' ಬಂದ ಮೇಲೆಯೇ.

ಇದೇ ಗೆಲುವಿಗೆ ಅಂಟಿಕೊಂಡ ಇನ್ನೊಂದು ಘಟನೆ ಇದೆ. 1956ರ ಡಿಸೆಂಬರ್‌ನಲ್ಲಿ 'ಟ್ವೆಂಟಿ ಒನ್' ಅನ್ನುವ ಟಿವಿ ಕ್ವಿಜ್‌ನಲ್ಲಿ ಹರ್ಬ್ ಸ್ಟೆಂಪೆಲ್ ಅನ್ನುವ ಸ್ಪರ್ಧಿಗೆ, 1955ರ ಅತ್ಯುತ್ತಮ ಚಿತ್ರದ ಆಸ್ಕರ್ ಯಾವುದಕ್ಕೆ ಅಂತ ಕೇಳಿದರು. ಅವರಿಗೆ ಉತ್ತರ ಗೊತ್ತಿತ್ತು. ಮಾರ್ಟಿ ಅವರಿಗೆ ಬಹಳ ಇಷ್ಟದ ಚಿತ್ರ. ಆದರೆ ಸೋಲಬೇಕು ಅಂತ ಕಾರ್ಯಕ್ರಮದವರು ಮೊದಲೇ ಹೇಳಿಕೊಟ್ಟಿದ್ದರು. ಎದುರಾಳಿ ನೋಡಲು ಚೆನ್ನಾಗಿದ್ದರು, ಒಳ್ಳೆ ಮನೆತನದವರು. ಜನರಿಗೆ ಅಂಥವರು ಗೆಲ್ಲಬೇಕು. ಸ್ಟೆಂಪೆಲ್ ಬೇಕೆಂದೇ ತಪ್ಪು ಚಿತ್ರದ ಹೆಸರು ಹೇಳಿದರು. ಆ ಮೋಸ ಆಮೇಲೆ ಬಯಲಾಗಿ ದೊಡ್ಡ ಹಗರಣವೇ ಆಯಿತು. ಅವರು ಆ ಗಳಿಗೆಯಲ್ಲಿ ನುಂಗಿಕೊಂಡ ಹೆಸರು ಮಾರ್ಟಿ. ಅಂದಚೆಂದ ಇಲ್ಲದವನೂ ಮನುಷ್ಯನೇ ಅಂತ ತೋರಿಸಿದ ಅದೇ ಟಿವಿಯಲ್ಲಿ, ಮೂರೂವರೆ ವರ್ಷ ಕಳೆಯುವ ಹೊತ್ತಿಗೆ, ಅಂದಚೆಂದ ಇದ್ದವನಿಗಾಗಿ ಇನ್ನೊಬ್ಬನನ್ನು ಬದಿಗೆ ಸರಿಸಿದರು. ಇದನ್ನು ಓದಿದ ದಿನ ನನಗೆ ತುಂಬಾ ಬೇಜಾರಾಗಿತ್ತು.

ನಾಟಕದ ಕೊನೆಗೆ ಬರುತ್ತೇನೆ. ಭಾನುವಾರ ಮಧ್ಯಾಹ್ನ ಫೋನ್ ಮಾಡುತ್ತೇನೆ ಅಂತ ಮಾರ್ಟಿ ಕ್ಲಾರಾಗೆ ಮಾತು ಕೊಟ್ಟಿರುತ್ತಾನೆ. ಮಾಡುವುದಿಲ್ಲ. ಸಂಜೆ ಮತ್ತೆ ಅದೇ ಬಾರು, ಅದೇ ಗೆಳೆಯರು, ಅದೇ ಮಾತು. ಏನು ಮಾಡೋಣ ಇವತ್ತು? ಗೊತ್ತಿಲ್ಲ, ನಿಂಗೇನು ಅನ್ಸುತ್ತೆ? ಆಗ ಮಾರ್ಟಿಗೆ ತಡೆಯಲಾಗುವುದಿಲ್ಲ. ಅಮ್ಮನಿಗೆ ಅವಳು ಹಿಡಿಸಲ್ಲ, ನಿನಗೂ ಹಿಡಿಸಲ್ಲ, ಆದರೆ ನಿನ್ನೆ ರಾತ್ರಿ ನಾನು ಖುಷಿಯಾಗಿದ್ದೆ, ನನಗೆ ಗೊತ್ತಿರುವುದು ಅಷ್ಟೇ ಅಂತ ಹೇಳಿ ಫೋನಿನ ಹತ್ತಿರ ಹೋಗುತ್ತಾನೆ.

ಸಿನಿಮಾದಲ್ಲಿ ಇದಕ್ಕೂ ಮೊದಲು ಕ್ಲಾರಾ ಮನೆಯ ಒಂದು ಪುಟ್ಟ ದೃಶ್ಯ ಇದೆ. ಅಪ್ಪ ಅಮ್ಮನ ಜೊತೆ ಅವಳು ಟಿವಿ ಮುಂದೆ ಕೂತಿದ್ದಾಳೆ. ಭಾನುವಾರ ರಾತ್ರಿ. ಕಣ್ಣು ತುಂಬಿದೆ, ಪರದೆಯಲ್ಲಿ ಏನು ನಡೆಯುತ್ತಿದೆ ಅಂತ ಅವಳಿಗೆ ಕಾಣುತ್ತಿಲ್ಲ. 1953ರ ಮೇ 24ರ ರಾತ್ರಿಯೂ ಭಾನುವಾರವೇ. ಅವತ್ತು ಎಷ್ಟು ಮನೆಗಳಲ್ಲಿ ಎಷ್ಟು ಜನ ಹಾಗೆ ಅಪ್ಪ ಅಮ್ಮನ ಪಕ್ಕ ಕೂತಿದ್ದರೋ. ಮಧ್ಯಾಹ್ನ ಬರಬೇಕಿದ್ದ ಫೋನ್ ಬಂದಿರುವುದಿಲ್ಲ. ಟಿವಿಯಲ್ಲಿ ದಪ್ಪಗಿನ ಒಬ್ಬ ಗಂಡಸು ನಂಬರ್ ತಿರುಗಿಸುತ್ತಿದ್ದಾನೆ. ಆ ಕಡೆ ಯಾರೋ ಎತ್ತುತ್ತಾರೆ. ಹಲೋ ಕ್ಲಾರಾ, ಅನ್ನುತ್ತಾನೆ.